ಎಡ ಮೊಣಕೈ ಖಾಲಿ ಇಲ್ಲ

ಹದಿನಾಲ್ಕನೇ ತಾರೀಖು, ಗುರುವಾರ
ಮಧ್ಯಾಹ್ನದ ಬಿಡುವು

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಲ ಮಾಡುವ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ, ಹಾಗಾಗಿ ಆ ಸಾಲನ್ನು ಬಿಟ್ಟಿದ್ದೇನೆ. ಊಟ ಸೇರುತ್ತಿದೆ, ಪಾಠ ನಡೆಯುತ್ತಿದೆ. ಭಾವ ಮತ್ತೆ ಮನೆಯ ಯಾವ ಸಾಮಾನನ್ನೂ ರಿಪೇರಿ ಮಾಡಲು ಹೋಗಿಲ್ಲ ತಾನೆ?

ನಿನ್ನ ಕಾಗದ ಮೊನ್ನೆ ಬಂತು. ನಾನು ಫೋನ್ ಎತ್ತುವುದಿಲ್ಲ ಎಂದು ಎರಡು ಪುಟ ಬೈದು, ಮೂರನೆಯದರಲ್ಲಿ ಬುದ್ಧಿ ಹೇಳಿದ್ದೀಯ. ಬರುವ ಸೋಮವಾರ ಶಾಲೆಯ ಸಮಿತಿಯವರು ನನ್ನನ್ನು ಕೊನೆಯ ಸಲ ಕರೆದು ಕೇಳುತ್ತಾರೆ, ಮೊದಲು ಹೇಳಿದ್ದನ್ನೇ ಹೇಳಿ ರುಜು ಹಾಕಿ ಬಾ, ಹೋದವರು ಎದ್ದು ಬರುವುದಿಲ್ಲ, ಇದ್ದವರ ಹೊಟ್ಟೆಪಾಡು ನಡೆಯಬೇಕು ಎಂದಿದ್ದೀಯ. ಮೂರು ತಿಂಗಳಿಂದ ನಾನೂ ನನಗೆ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ಹೋದವರು ಎದ್ದು ಬರುವುದಿಲ್ಲ ಎಂಬ ಮಾತಿನ ಬಗ್ಗೆ ಮಾತ್ರ ನಿನಗೆ ಸ್ವಲ್ಪ ಬರೆಯಬೇಕಾಗಿದೆ.

ನಾನು ಕಣ್ಣು ಕಾಣದ ಮಕ್ಕಳಿಗೆ ಪಾಠ ಮಾಡುತ್ತೇನೆ ಎಂದರೆ ಚುಕ್ಕಿಲಿಪಿ ಕಲಿಸುತ್ತೇನೆ ಎಂದಷ್ಟೇ ನಿನಗೆ ಗೊತ್ತು. ನಡಿಗೆಯ ಪಾಠ ಅಂತ ಒಂದಿದೆ. ಕಾಣದವರನ್ನು ನಾವು ಕೈ ಹಿಡಿದು ಎಳೆದುಕೊಂಡು ಹೋಗಬಾರದು. ಅವರೇ ನಮ್ಮ ಮೊಣಕೈಯ ಸ್ವಲ್ಪ ಮೇಲೆ ಹಿಡಿದು, ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನಾವು ತಿರುಗಿದರೂ ನಿಂತರೂ ತೋಳಿನಿಂದಲೇ ಅವರಿಗೆ ತಿಳಿಯುತ್ತದೆ. ಕಿರಿದಾದ ಬಾಗಿಲು ಬಂದರೆ ಆ ತೋಳನ್ನು ಬೆನ್ನ ಹಿಂದಕ್ಕೆ ಮಡಿಸುತ್ತೇವೆ, ಅವರು ಮಾತಿಲ್ಲದೆ ನಮ್ಮ ಬೆನ್ನಿಗೆ ಬಂದು, ಒಬ್ಬರ ಹಿಂದೆ ಒಬ್ಬರಾಗಿ ದಾಟುತ್ತೇವೆ. ಇನ್ನೊಂದು ನಿಯಮ ಎಲ್ಲಕ್ಕಿಂತ ದೊಡ್ಡದು. ಬಯಲಲ್ಲಿ ಅವರನ್ನು ಸುಮ್ಮನೆ ನಿಲ್ಲಿಸಿ ಹೋಗಬಾರದು. ಗೋಡೆಯೋ ಕಂಬವೋ ಕುರ್ಚಿಯ ಬೆನ್ನೋ, ಏನಾದರೊಂದನ್ನು ಕೈಗೆ ಮುಟ್ಟಿಸಿದ ಮೇಲೆಯೇ ನಮ್ಮ ತೋಳು ಬಿಡಿಸಿಕೊಳ್ಳಬೇಕು. ಮುಟ್ಟಲು ಏನೂ ಇಲ್ಲದ ಕಡೆ ಅವರಿಗೆ ದಿಕ್ಕು ಅನ್ನುವುದೇ ಇರುವುದಿಲ್ಲ.

ತೀರಿಹೋದ ಹುಡುಗಿಯನ್ನು ನಾವೆಲ್ಲ ಸಾಸಿವೆ ಎಂದು ಕರೆಯುತ್ತಿದ್ದೆವು. ಒಂಬತ್ತು ವರ್ಷ, ಅಷ್ಟೇ ಗಾತ್ರ, ಒಂದು ಕಡೆ ನಿಲ್ಲದೆ ಉರುಳುವ ಕಾಳು. ಎಡಚಿ. ಬಿಳಿಕೋಲು ಎಡಗೈಯಲ್ಲಿ, ಬಲಗೈ ನನ್ನ ಎಡ ಮೊಣಕೈಯಲ್ಲಿ. ಮಿಕ್ಕ ಒಂಬತ್ತು ಮಕ್ಕಳೂ ನನ್ನ ಬಲಗಡೆ ಹಿಡಿಯುವವರು. ಎಡಗಡೆ ಅವಳದು ಎಂದು ಅವಳೇ ಜಗಳ ಮಾಡಿ ಕಾದಿರಿಸಿಕೊಂಡಿದ್ದಳು.

ಅವಳು ಹೋದ ಎರಡು ವಾರಕ್ಕೆ ನಡಿಗೆಯ ಪಾಠ ಮತ್ತೆ ಶುರು ಮಾಡಿದೆ. ಬದಿ ಬದಲಿಸುವುದನ್ನು ಕಲಿಸಬೇಕಿತ್ತು. ತರಗತಿಯಲ್ಲಿ ಪುಟ್ಟಜ್ಜಿ ಎಂಬ ಅಡ್ಡಹೆಸರಿನವಳು ಒಬ್ಬಳಿದ್ದಾಳೆ. ಹನ್ನೆರಡು ವರ್ಷಕ್ಕೇ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ, ನಿನ್ನ ಹಾಗೆ. ನನ್ನ ಎಡಗಡೆಗೆ ಬಾ ಎಂದೆ. ಬಂದಳು, ಕೈ ಚಾಚಿದಳು, ಬಿಸಿ ಪಾತ್ರೆ ಮುಟ್ಟಿದವಳಂತೆ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಬಹಳ ಮರ್ಯಾದೆಯಿಂದ, ಟೀಚರ್, ಇಲ್ಲಿ ಆಗ್ಲೇ ಒಂದ್ ಕೈ ಇದೆ, ನಾನು ಬಲಗಡೆನೇ ಬರ್ತೀನಿ ಅಂದಳು. ಬಸ್ಸಿನಲ್ಲಿ ಸೀಟು ಭರ್ತಿಯಾಗಿದೆ ಅನ್ನುವಂತೆ.

ತಮಾಷೆ ಎಂದುಕೊಂಡೆ. ಈ ಮಕ್ಕಳ ತಮಾಷೆ ನಿನಗೆ ಗೊತ್ತಿಲ್ಲ. ಕರೆಂಟ್ ಹೋದಾಗ ನಾನು ಬೆಂಚಿಗೆ ಎಡವಿದರೆ, ಪಾಪ ಟೀಚರ್‌ಗೆ ಕಣ್ಣು ಬಿಟ್ರೆ ಬೇರೇನೂ ಇಲ್ಲ ಎಂದು ನಗುವವರು. ಆದರೂ ಬೈದೆ. ಮರುದಿನ ಯಾರಿಗೂ ಹೇಳದೆ ಒಬ್ಬೊಬ್ಬರನ್ನೇ ಬೇರೆ ಬೇರೆ ಹೊತ್ತಿನಲ್ಲಿ ಕಚೇರಿಗೆ ಕರೆಸಿ, ಎಡ ಮೊಣಕೈ ಹಿಡಿ ಎಂದೆ. ಒಂಬತ್ತು ಜನರೂ ಕೈ ಚಾಚಿ, ತಡೆದು, ಸುತ್ತು ಹಾಕಿ ಬಲಗಡೆಗೆ ಬಂದರು. ಎಲ್ಲರಿಗಿಂತ ಚಿಕ್ಕವಳು ಮಾತ್ರ ಬಲಗಡೆಗೆ ಬರುವ ಮೊದಲು, ಗಾಳಿಯನ್ನು ಒಂದು ಸಲ ಮೆಲ್ಲಗೆ ತಟ್ಟಿದಳು. ಗೆಳತಿಯ ಬೆರಳುಗಳನ್ನು ತಟ್ಟುತ್ತಾರಲ್ಲ, ಹಾಗೆ.

ನಾನು ಹೆದರುವವಳಲ್ಲ ಎಂದು ನಿನಗೆ ಗೊತ್ತು. ಹೆದರಲಿಲ್ಲ, ಹೊಸ ಅಂಗಿ ಕೊಂಡೆ. ನಗಬೇಡ. ಹಳೆಯ ಅಂಗಿಗಳ ಎಡ ತೋಳು ಮಧ್ಯಾಹ್ನದ ಹೊತ್ತಿಗೆ ಮೊಣಕೈಯ ಮೇಲೆ ಸುಕ್ಕಾಗುತ್ತಿತ್ತು. ಹೊರಗೆ ನಾಲ್ಕು ಚಿಕ್ಕ ಗೆರೆ, ಒಳಗೆ ಒಂದು. ಹೊಸ ಬಟ್ಟೆಗೆ ಗಂಜಿ ಹಾಕಿ, ಗಟ್ಟಿಯಾಗಿ ಇಸ್ತ್ರಿ ಮಾಡಿ ಹಾಕಿಕೊಂಡೆ. ಎರಡನೇ ಪಾಠ ಮುಗಿಯುವಷ್ಟರಲ್ಲಿ ಅದರಲ್ಲೂ ಗೆರೆ ಬಂತು. ಅವತ್ತು ನಡಿಗೆಯ ಪಾಠ ಇರಲಿಲ್ಲ, ಬಲ ತೋಳು ಅಂಗಡಿಯಿಂದ ತಂದಾಗಿನಂತೆಯೇ ಇತ್ತು. ಇನ್ನೊಂದು ದಿನ ಸಾಮಾನಿನ ಕೋಣೆಗೆ ಹೋಗುವಾಗ ನನ್ನ ಎಡ ತೋಳು ತಾನಾಗಿಯೇ ಬೆನ್ನ ಹಿಂದಕ್ಕೆ ಹೋದದ್ದನ್ನು ನೋಡಿದೆ. ಆ ಬಾಗಿಲು ಕಿರಿದು. ನಾನು ಒಬ್ಬಳೇ ಇದ್ದೆ.

ಕೊನೆಗೆ ಪುಟ್ಟಜ್ಜಿಯನ್ನೇ ಕೇಳಿದೆ. ಸಾಸಿವೆ ಏನು ಮಾಡುತ್ತಿದ್ದಾಳೆ, ಅಳುತ್ತಿದ್ದಾಳಾ ಎಂದೆ. ಇಂಥ ಪ್ರಶ್ನೆಯನ್ನು ಮಗುವಿನ ಹತ್ತಿರ ಕೇಳುವಷ್ಟಕ್ಕೆ ಬಂದಿದ್ದೆ ನೋಡು. ಅಳೋದೇನಿಲ್ಲ ಟೀಚರ್, ಸುಮ್ನೆ ಹಿಡ್ಕೊಂಡಿದಾಳೆ ಅಂದಳು. ಸ್ವಲ್ಪ ಯೋಚಿಸಿ, ನೀವು ಅವಳಿಗೆ ಏನೂ ಮುಟ್ಟಿಸ್ಲಿಲ್ಲವಲ್ಲ, ಅದಕ್ಕೇ ಬಿಟ್ಟಿಲ್ಲ ಅಂದಳು. ಬೈಯುವ ದನಿಯಲ್ಲಿ ಅಲ್ಲ. ನಾನು ಕಲಿಸಿದ ಪಾಠವನ್ನೇ ನನಗೆ ಒಪ್ಪಿಸಿದಳು, ಅಷ್ಟೇ. ಸಮಿತಿಗೆ ನಾನು ಕೊಟ್ಟ ಹೇಳಿಕೆಯಲ್ಲಿ ಏನಿದೆ ಎಂದು ಮಕ್ಕಳಿಗೆ ಯಾರೂ ಓದಿ ಹೇಳಿಲ್ಲ.

ಅದರಲ್ಲಿ ಇರುವುದು ಇಷ್ಟು. ಹುಡುಗಿಯ ಕೈಯನ್ನು ಅಂಗಳದ ಗೋಡೆಗೆ ಮುಟ್ಟಿಸಿ, ಇಲ್ಲೇ ಇರು ಎಂದು ಹೇಳಿ ಒಂದು ನಿಮಿಷ ಆಚೆ ಹೋದೆ. ಅವಳು ಗೋಡೆ ಬಿಟ್ಟು ಹೋಗಿದ್ದಾಳೆ. ಗೇಟು ತೆರೆದಿತ್ತು.

ಎಲ್ಲರೂ ನಂಬಿದರು. ಸಾಸಿವೆ ನಿಂತಲ್ಲಿ ನಿಲ್ಲುವವಳಲ್ಲ ಎಂದು ಊರಿಗೇ ಗೊತ್ತಿತ್ತಲ್ಲ. ಗೇಟಿನ ತಾತ ಎಂದು ನಾವು ಕರೆಯುವ ಕಾವಲುಗಾರನನ್ನು ಶಾಲೆಯವರು ಮಾರನೆಯ ದಿನವೇ ಮನೆಗೆ ಕಳಿಸಿದರು. ಸೋಮವಾರ ನಾನು ರುಜು ಹಾಕಿದರೆ ಅವನ ಇಪ್ಪತ್ತೆರಡು ವರ್ಷದ ಕೆಲಸ ಪೂರ್ತಿ ಹೋಗುತ್ತದೆ, ಬೇರೆ ಯಾವ ಶಾಲೆಯೂ ಅವನನ್ನು ಗೇಟಿನ ಹತ್ತಿರ ನಿಲ್ಲಿಸುವುದಿಲ್ಲ. ಹೋದ ವಾರ ಅವನ ಮನೆಗೆ ಹೋಗಿದ್ದೆ. ಬೈಯುತ್ತಾನೆ, ಸ್ವಲ್ಪ ಹಗುರವಾಗುತ್ತದೆ ಎಂದುಕೊಂಡಿದ್ದೆ. ಅವನು ಕುರ್ಚಿ ಒರೆಸಿ ಕೂರಿಸಿ, ನೀವು ಗೋಡೆ ಹತ್ರ ನಿಲ್ಲಿಸಿ ನಿಮ್ಮ ಕೆಲಸ ಸರಿಯಾಗೇ ಮಾಡಿದ್ರಿ ಮೇಡಂ, ಚಿಲಕ ಹಾಕಿದ ನೆನಪಿದೆ, ಆದ್ರೆ ವಯಸ್ಸಾಯ್ತಲ್ಲ, ಮರೆತಿರ್ಬೇಕು ಅಂದ. ಕೊಟ್ಟ ಚಹಾವನ್ನು ಹಾಗೇ ಬಿಟ್ಟು ಎದ್ದು ಬಂದೆ.

ಸಾಸಿವೆಯ ಅಮ್ಮನೂ ಶಾಲೆಗೆ ಬಂದಿದ್ದಳು, ಕೋಲು ತೆಗೆದುಕೊಂಡು ಹೋಗಲು. ಮನೇಲೂ ಹಾಗೇ ಟೀಚರ್, ಹೇಳಿದ ಮಾತು ಒಂದೂ ಕೇಳ್ತಿರ್ಲಿಲ್ಲ, ಕೇಳಿದ್ರೆ ಇವತ್ತು ಇರ್ತಿದ್ಲು ಎಂದು ಕಣ್ಣೊರೆಸಿಕೊಂಡಳು. ಸತ್ತ ಮಗಳ ಮೇಲೆ ಅವಳಿಗೆ ಕೋಪ ಇತ್ತು ಅಕ್ಕ. ಆ ಕೋಪವನ್ನು ಕೊಟ್ಟವಳು ನಾನು. ಅಷ್ಟು ಹೊತ್ತೂ ನನ್ನ ಎಡ ಮೊಣಕೈಯ ಮೇಲಿನ ಹಿಡಿತ ಬಿಗಿಯಾಗುತ್ತ ಹೋಯಿತು.

ಅವತ್ತು ಸಂಜೆ ಶಾಲೆ ಬಿಟ್ಟ ಮೇಲೆ ಅಂಗಳದ ಗೋಡೆಯ ಹತ್ತಿರ ಹೋದೆ. ಮೊಣಕೈಯನ್ನು ಕಲ್ಲಿಗೆ ತಾಗಿಸಿ ನಿಂತು, ಇಗೋ ಗೋಡೆ, ಹಿಡಿದುಕೋ ಕಂದ ಎಂದು ಗಟ್ಟಿಯಾಗಿಯೇ ಹೇಳಿದೆ. ಕಸ ಗುಡಿಸುವವಳು ನನ್ನನ್ನೇ ನೋಡುತ್ತಿದ್ದಳು, ನೋಡಲಿ ಎಂದುಕೊಂಡೆ. ಹತ್ತು ನಿಮಿಷ ಕಾದೆ. ಮೆಲ್ಲಗೆ ಒಂದು ಹೆಜ್ಜೆ ಇಟ್ಟೆ. ಅರ್ಧ ಹೆಜ್ಜೆ ಹಿಂದೆ ಅವಳೂ ಬಂದಳು. ಆ ಗೋಡೆಯನ್ನು ಒಂದು ಸಲ ಸುಳ್ಳಿಗೆ ಬಳಸಿದ್ದೇನೆ, ಇನ್ನು ಅದನ್ನು ಅವಳು ಹೇಗೆ ನಂಬಿಯಾಳು?

ಈಗ ನಿಜ ಬರೆಯುತ್ತೇನೆ. ಅರ್ಧ ನಿನಗೂ ಗೊತ್ತಿರುವುದೇ.

ಅವತ್ತು ನಾನೂ ಅವಳೂ ಅಂಗಳದ ನಡುವೆ ಇದ್ದೆವು. ಗೋಡೆ ಮೂವತ್ತು ಹೆಜ್ಜೆ ಆಚೆ. ನಿನ್ನ ಫೋನ್ ಬಂತು. ಭಾವ ಬಚ್ಚಲಿನ ಚಿಲಕ ರಿಪೇರಿ ಮಾಡಲು ಹೋಗಿ ಒಳಗೇ ಸಿಕ್ಕಿಕೊಂಡು, ಕಿಟಕಿಯಿಂದ ಸ್ಕ್ರೂಡ್ರೈವರ್ ಕೇಳಿದ ಕಥೆ ಹೇಳಲು ನೀನು ಫೋನ್ ಮಾಡಿದ್ದೆ. ಮೂವತ್ತು ಹೆಜ್ಜೆಗೆ ಸೋಮಾರಿತನ ಮಾಡಿದೆ. ನಿಂತಿರು, ಬಂದೆ ಎಂದು ತೋಳು ಬಿಡಿಸಿಕೊಂಡೆ. ಮಕ್ಕಳ ಗಲಾಟೆಯಲ್ಲಿ ನಿನ್ನ ಮಾತು ಕೇಳಲಿಲ್ಲ. ತಾತ ನೀರಿನ ಪಂಪು ಹಾಕಲು ಹೋಗಿದ್ದ. ಗೇಟಿಗೆ ಅವನು ಹಾಕಿದ್ದ ಚಿಲಕವನ್ನು ನಾನೇ ತೆಗೆದೆ, ಹಾಗೇ ಬಿಟ್ಟೆ, ರಸ್ತೆ ದಾಟಿ ಎದುರು ನೆರಳಿನಲ್ಲಿ ನಿಂತೆ. ನಕ್ಕೆ. ಹೊಟ್ಟೆ ಹಿಡಿದುಕೊಂಡು, ಗಟ್ಟಿಯಾಗಿ ನಕ್ಕೆ. ಸಾಸಿವೆ ಗೋಡೆ ಬಿಟ್ಟು ಹೋಗಲಿಲ್ಲ, ಅವಳಿಗೆ ಗೋಡೆಯೇ ಇರಲಿಲ್ಲ. ಆ ಬಯಲಿನಲ್ಲಿ ಅವಳಿಗೆ ಸಿಕ್ಕಿದ್ದು ನನ್ನ ನಗು ಒಂದೇ, ಅದನ್ನೇ ಹಿಡಿದುಕೊಂಡು ಬಂದಳು.

ಆಗ ನೀನು ಕೇಳಿದ್ದೆ ಅಕ್ಕ, ನೆನಪಿದೆಯಾ? ಯಾರೋ ಟೀಚರ್ ಟೀಚರ್ ಅಂತ ಕರೀತಿದಾರಲ್ಲೇ ಎಂದು. ಯಾರೂ ಇಲ್ಲ, ನೀನು ಹೇಳು ಎಂದಿದ್ದೆ ನಾನು. ಲಾರಿಯ ಸದ್ದು ಅದರ ಹಿಂದೆಯೇ ಬಂತು. ನಿನ್ನ ಮೂರು ಪುಟದಲ್ಲಿ ಈ ಮಾತು ಎಲ್ಲೂ ಇಲ್ಲ. ನನ್ನನ್ನು ಉಳಿಸಲು ಬಿಟ್ಟಿದ್ದೀಯ, ನನಗೆ ಗೊತ್ತು. ಅವಳು ಕರೆದದ್ದನ್ನು ಕೇಳಿಸಿಕೊಂಡ ಕಿವಿ ನಿನ್ನದೊಂದೇ.

ಸೋಮವಾರ ನಾನು ಹಳೆಯ ಹೇಳಿಕೆಗೆ ರುಜು ಹಾಕುವುದಿಲ್ಲ. ಗೋಡೆ ಸುಳ್ಳು, ಚಿಲಕ ತೆಗೆದವಳು ನಾನು ಎಂದು ಹೇಳುತ್ತೇನೆ. ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಭಯ ಇದೆ. ನೀನು ಜೊತೆಗೆ ಬಂದು, ಫೋನಿನಲ್ಲಿ ಕೇಳಿದ್ದನ್ನು ಹೇಳಬೇಕು. ಆಮೇಲೆ ನಾವಿಬ್ಬರೂ ಅವಳ ಅಮ್ಮನ ಹತ್ತಿರ ಹೋಗೋಣ. ನಿಮ್ಮ ಮಗಳು ಮಾತು ಮೀರಿ ಗೋಡೆ ಬಿಟ್ಟವಳಲ್ಲ ಎಂದು ಅವಳಿಗೆ ಹೇಳಬೇಕು, ಅವಳ ಕೈ ಮುಟ್ಟಿ ಹೇಳಬೇಕು. ಅಮ್ಮನ ಕೈ ಸಿಕ್ಕಿದರೆ ಸಾಸಿವೆ ನನ್ನ ತೋಳು ಬಿಟ್ಟಾಳು ಎಂಬುದು ನನ್ನ ಆಸೆ. ಬೇರೆ ಏನನ್ನು ಮುಟ್ಟಿಸಲಿ, ನನಗೆ ತೋಚುವುದಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಬೈಯುವುದನ್ನೆಲ್ಲ ಅಲ್ಲಿಯವರೆಗೆ ಕೂಡಿಟ್ಟಿರು.

ಇಂತಿ,
ನಿನ್ನ ಹಿಂದೆ ಹಿಂದೆಯೇ ಬೆಳೆದ
ಬಾಲ

ಮರೆತದ್ದು: ನಿಮ್ಮ ಮನೆಯ ಮುಂಬಾಗಿಲು ಕಿರಿದು. ಒಳಗೆ ಬರುವಾಗ ನಾನು ಎಡಗೈಯನ್ನು ಬೆನ್ನ ಹಿಂದೆ ಮಡಿಸಿಕೊಂಡರೆ ಭಾವನ ಮುಂದೆ ಏನೂ ಕೇಳಬೇಡ. ನಾನು ದಾಟಿದ ಕೂಡಲೇ ಬಾಗಿಲು ಹಾಕಲೂಬೇಡ. ಒಂದು ಹೆಜ್ಜೆಯಷ್ಟು ಹೊತ್ತು ಹಿಡಿದುಕೊಂಡಿರು. ಅವಳ ಬೆರಳು ಸಿಕ್ಕಿಕೊಂಡೀತು.