ಔಷಧ ಕೂಡಿಕೊಳ್ಳಲೆಂದು

ಧಾರವಾಡ, ಫೆಬ್ರುವರಿ 9, 1936

ಶ್ರೀಮದ್ ರಾಜಾಧಿರಾಜ, ಮಾಳಮಡ್ಡಿಯ ನಿದ್ರಾಭಂಜಕ, ದಶದಿಕ್ಕುಗಳ ಅರಿವೆ ಒದ್ದೆಮಾಡಿದ ವೀರ, ಎರಡು ತಿಂಗಳ ಸೋದರಳಿಯ ಮಹಾಪ್ರಭುಗಳ ಸನ್ನಿಧಾನಕ್ಕೆ — ಮೆಟ್ರಿಕ್ಕಿನಲ್ಲಿ ಎರಡು ಸಲ ನಪಾಸಾದ ಸೋದರಮಾವನ ದೀರ್ಘದಂಡ ನಮಸ್ಕಾರಗಳು. ಅರಿಕೆ ಏನೆಂದರೆ, ಇಂದೂ ದಿನವಿಡೀ ಅರಚಿದಿರಿ. ಬಾಣಂತನಕ್ಕೆ ತವರಿಗೆ ಬಂದ ನಿಮ್ಮ ತಾಯಿ ದಾನವ್ವಕ್ಕನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದೆ. ದಯವಿಟ್ಟು...

ಫೆ. 10, ಸಂಜೆ

ಅಕ್ಕನ ಗಂಡ ಗುರುಸಿದ್ದಯ್ಯ ಮಾಮಾ ತಮ್ಮೂರು ಮುಗದದಿಂದ ಬಂದರು. ಒಕ್ಕಲುತನದವರು. ನಾನು ಇಂಗ್ಲಿಷ್ ಕಲಿತವನೆಂದು ನನ್ನ ಮಾತನ್ನೆಲ್ಲ ಕಾಯಿದೆಯೆಂದು ನಂಬುವ ಪುಣ್ಯಾತ್ಮ. ದವಾಖಾನೆಯ ಔಷಧ ತಂದಿದ್ದರು. ಅಕ್ಕ ಒಂದು ಚಮಚ ಕುಡಿಸಿ, ಅವ್ವನೊಡನೆ ಬಾವಿಗೆ ಹೋದಳು. ಅಳು ನಿಲ್ಲಲಿಲ್ಲ. ಮಾಮಾ ಕಂಗೆಟ್ಟರು.

"ತಮ್ಮಾ, ಬಾಟ್ಲಿ ಮ್ಯಾಲ ಏನ್ ಬರದಾರೋ?"

"ಕುಡಿಸೂಕಿಂತ ಮೊದ್ಲ ಛಲೋತ್ನ್ಯಾಗ ಅಳ್ಳಾಡಸ್ರಿ ಅಂತ."

"ಅಯ್ಯ, ಅಳ್ಳಾಡಸ್ಲೇ ಇಲ್ಲಲ್ಲೋ!"

ಮಠದ ಸ್ವಾಮಿಗಳ ಮುಖ ಮಾಡಿ ಅಪ್ಪಣೆ ಕೊಟ್ಟೆ: "ಔಷಧ ಹೊಟ್ಟ್ಯಾಗ ಹೋತು. ಇನ್ನ ಕೂಸಿನ್ನ ಅಳ್ಳಾಡಸ್ರಿ ಮಾಮಾ."

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಗಡಗಡ ಕುಲುಕಿದರು. ತಲೆ ಹಿಂದೆ, ಮುಂದೆ... "ಸಾಕ್ರಿ" ಎನ್ನುವಷ್ಟರಲ್ಲಿ ಅಳು ನಿಂತಿತು.

"ನೋಡಪಾ, ಕೂಡಿಕೊಂಡ್ತು," ಎಂದರು ಹಿಗ್ಗಿ.

ಫೆ. 11

ಹಾಲು ಹಿಡಿಯುತ್ತಿಲ್ಲ. ವಾಂತಿ. ಕೈಕಾಲು ಅರಿವೆಯಂತೆ ಜೋತುಬಿದ್ದಿವೆ. ಅವ್ವ ದೃಷ್ಟಿ ತೆಗೆದಳು.

ಫೆ. 12

ಡಾಕ್ಟರರು ನೆತ್ತಿ ಮುಟ್ಟಿ ನೋಡಿದರು. ಉಬ್ಬಿದೆ.

"ಎಲ್ಲ್ಯಾರ ಬಿದ್ದಿತ್ತೇನು?"

"ಇಲ್ರಿ. ಅಳ್ಳಾಡಿಸಿದ್ನಿರಿ. ಔಷಧ ಕೂಡ್ಲಿ ಅಂತ," ಎಂದರು ಮಾಮಾ.

ಡಾಕ್ಟರರು ಕನ್ನಡಕ ತೆಗೆದರು. "ಕೂಸಿಂದು ಕುತ್ತಿಗಿ ಇನ್ನೂ ನಿಂತಿಲ್ರೀ. ಹಂಗ ಅಳ್ಳಾಡಿಸಿದ್ರ ತಲಿಯೊಳಗ ರಕ್ತದ ನರ ಒಡೀತೈತಿ. ಅಳ್ತಿದ್ರ ಅಳ್ಲಿ, ಮಲಗಿಸಿ ಹೊರಗ ಹೋಗಿ ಉಸಿರು ಬಿಟ್ಟು ಬರ್ರಿ. ಅತ್ತದ್ದಕ್ಕ ಕೂಸು ಸಾಯೂದಿಲ್ಲ. ಯಾರ್ ಹೇಳಿದ್ರು ನಿಮಗ ಇದನ್ನ?"

ಮಾಮಾ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಯಾರೂ ಇಲ್ರಿ. ನನಗ ಹಂಗ ತಿಳೀತು," ಎಂದರು ಮಾಮಾ.

ಫೆ. 15

ಕೂಸು ಹೋಯಿತು. ಬೆಳಗ್ಗೆ. ಮಣ್ಣು ಮಾಡಿ ಬಂದೆವು. ಅಕ್ಕನ ಎದೆಯಲ್ಲಿ ಹಾಲು ಇನ್ನೂ ಸೋರುತ್ತಿದೆ...

ಮಾರ್ಚ್ 22

ಮಾಮಾ ಅಕ್ಕನನ್ನು ಕರೆದೊಯ್ಯಲು ಬಂದಿದ್ದರು. ಅವಳು ಹೊರಗೆ ಬರಲಿಲ್ಲ. ಒಳಗಿನಿಂದಲೇ — "ಆ ಕೈ ನೋಡಾಕ ಆಗೂದಿಲ್ಲ ನನಗ. ಹೋಗ್ರಿ ಅಂತ ಹೇಳವ್ವಾ."

ಸ್ಟೇಷನ್ನಿನವರೆಗೆ ಜೊತೆಗೆ ಹೋದೆ. "ಮಾಮಾ, ಅಕ್ಕಗ ನಾ ಖರೇ ಹೇಳಿಬಿಡ್ತೇನ್ರಿ."

"ಬ್ಯಾಡೋ ತಮ್ಮಾ. ಅಳ್ಳಾಡಿಸಿದ ಕೈ ನಂದು. ಆಕಿ ಪಾಲಿಗೆ ಗಂಡ ಅಂತೂ ಹೋದ. ಆಕಿಗೆ ತಮ್ಮನಾರ ಇರ್ಲಿ."

ರೈಲು ಹೋಯಿತು. ದುಃಖವಾಯಿತೆಂದು ಬರೆಯಲು ಕುಳಿತೆ. ಸುಳ್ಳು. ಅವರು 'ಬ್ಯಾಡ' ಎಂದ ಕೂಡಲೇ ಎದೆ ಹಗುರಾಗಿತ್ತು. ದಾರಿಯಲ್ಲಿ ಸಿಳ್ಳೆ ಹಾಕುತ್ತ ಬಂದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಹೋದ್ರೇನೋ? ಏನಾರ ಅಂದ್ರೇನು?" ಎಂದಳು.

"ಏನೂ ಅನ್ಲಿಲ್ಲಕ್ಕಾ," ಎಂದು ಒಳಗೆ ಹೋದೆ.