ಮೂರನೇ ಸ್ವಿಚ್ಚು

ಅಕ್ಟೋಬರ್ 6, ಮಧ್ಯಾಹ್ನ 3

ಪುಟ್ಟಿ ಈಗ ಮಲಗಿದಳು. ನನಗೆ ನಿದ್ದೆ ಬರಲ್ಲ. ಇವಳು ಹುಟ್ಟಿ ಹತ್ತು ತಿಂಗಳು... ನಿದ್ದೆ ಪಕ್ಕದ ಮನೆಯಿಂದ ಇಸ್ಕೊಂಡು ಬಂದ ಪಾತ್ರೆ ಥರ, ಬೇಗ ವಾಪಸ್ ಕೊಟ್ಟುಬಿಡಬೇಕು.

ಕಿಟಕಿಯಾಚೆ ಕಾಂಪೌಂಡು, ಅದರಾಚೆ ಗ್ಯಾಸ್ ಗೋಡೌನ್. ಇವರು ಅಲ್ಲಿ ಕೀಪರ್. ಬಾಗಿಲು ತೆರೆದಿದ್ದರೆ ಸಿಲಿಂಡರ್ ಸಾಲು ಕಾಣುತ್ತೆ. ಪ್ರಾರ್ಥನೆಗೆ ನಿಂತು ತೂಕಡಿಸೋ ಮಕ್ಕಳ ಹಾಗೆ. ಎಲ್ಲವೂ ಉಸಿರು ಬಿಗಿಹಿಡಿದಿವೆ. ನಾನೂ.

ಅಕ್ಟೋಬರ್ 7, ಸಂಜೆ 6.20

“ಒತ್ತು ಮುಳುಗ್ತು, ದೀಪ ಆಕವ್ವ” — ಅತ್ತೆ. ದಿನಾ ಇದೇ. ಹಜಾರದ ಬೋರ್ಡಲ್ಲಿ ಮೂರು ಸ್ವಿಚ್ಚು. ಪುಟ್ಟಿ ಬೆರಳು ಹಿಡಿದು ಒತ್ತಿಸ್ತೀನಿ. ಟ್ಯೂಬ್‌ಲೈಟ್. ಹೊರಗಿನ ಬಲ್ಬು. ಮೂರನೆಯದಕ್ಕೆ ಏನೂ ಹತ್ತಲ್ಲ. ಆದರೂ ಅತ್ತೆ, ಪುಟ್ಟಿ, ನಾನು, ಮೂವರೂ ಕೈ ಮುಗೀತೀವಿ.

“ಇದು ಎಲ್ಲಿಗೆ ಹೋಗುತ್ತೆ, ಅತ್ತೆ?”

“ನೀ ತವರಲ್ಲಿದ್ದಾಗ ಆಯುಧಪೂಜೆಲಿ ಆಕ್ಸಿದ್ದು. ನಿಂಗ್ಯಾಕೆ? ಸಂಜೆ ಒತ್ನಾಗೆ ಯಾವ್ದೂ ಆಫ್ ಇರಬಾರ್ದು ಕಣವ್ವ.”

ಎಲ್ಲೋ ಹತ್ತುತ್ತಿರಬೇಕು. ನಾವು ನೋಡದ ಊರಲ್ಲಿ, ಯಾವುದೋ ಬೀದಿಗೆ... ಪುಟ್ಟಿ ಬೆರಳಿಂದ ಬೆಳಕು. ಯೋಚಿಸುತ್ತಾ ಒಂದು ಗಳಿಗೆ ಕಣ್ಣು ಮುಚ್ಚಿತು.

ಅಕ್ಟೋಬರ್ 9, ಬೆಳಗ್ಗೆ

ವಾಸನೆ. ಕೊಳೆತ ಎಲೆಕೋಸಿನ ಥರ. ಬರುತ್ತೆ, ಹೋಗುತ್ತೆ. ಇವರಿಗೆ ಹೇಳಿದೆ.

“ಮೊದ್ಲು ನಿನ್ ಮೂಗಿಗೊಂದು ಜೋಗುಳ ಹಾಡೇ.”

ಲೋಡರ್ ದ್ಯಾವಯ್ಯ ನಕ್ಕ. “ಮೂವತ್ತ್ ವರ್ಸ ಸಿಲಿಂಡರ್ ಒತ್ತಿವ್ನಿ ಅಕ್ಕೋರೇ. ನಂಗೆ ಮಲ್ಲಿಗೆ ಊವೂ ಗ್ಯಾಸ್ ನಾತವೇ.”

ಕನಸೋ ಏನೋ. ಎಚ್ಚರವಿದ್ದಾಗಲೇ ಬೀಳೋ ಕನಸು.

ಅಕ್ಟೋಬರ್ 13, ಸಂಜೆ 4

ಟೀ ಕೊಡಲು ಗೋಡೌನಿಗೆ ಹೋಗಿದ್ದೆ. ಒಳಗೆ ಗೋಡೆಗೆ ಲಕ್ಷ್ಮಿ ಫೋಟೋ, ಒಣಗಿದ ಹಾರ, ಮುಂದೆ ನೇತಾಡುವ ಕೆಂಪು ಜೀರೋ ಬಲ್ಬು. ವೈರಿನ ಜಾಯಿಂಟಲ್ಲಿ ಟೇಪು ಬಿಟ್ಟಿದೆ. ವೈರು ಗವಾಕ್ಷಿಯಿಂದ ಹೊರಗೆ, ಕಾಂಪೌಂಡ್ ಮೇಲೆ... ನಮ್ಮ ಹಜಾರಕ್ಕೆ.

“ದಿನಾ ಸಂಜೆ ತಾನಾಗೇ ಅತ್ಕತದೆ ಅಕ್ಕೋರೇ, ಬೀಗ ಆಕಿದ್ಮೇಲೂ ಗವಾಕ್ಷೀಲಿ ಕಾಣ್ತದೆ,” ದ್ಯಾವಯ್ಯ ಕೈ ಮುಗಿದ. “ಅಮ್ಮನ ಮಹಿಮೆ!”

ಅಮ್ಮನದಲ್ಲ. ಪುಟ್ಟಿ ಬೆರಳು.

ಗೋಡೌನಿನ ಸ್ವಂತ ಲೈಟಿಗೆ ದಪ್ಪ ಗಾಜು, ಕಬ್ಬಿಣದ ಗೂಡು — ಒಳಗೆ ಕಿಡಿ ಹಾರಿದರೂ ಹೊರಗಿನ ಗ್ಯಾಸಿಗೆ ಮುಟ್ಟದ ಹಾಗೆ. ಅದರ ಪಕ್ಕ ಈ ಬೆತ್ತಲೆ ವೈರು. ಬಿಎಸ್ಸಿ ಮಾಡಿದವಳು ನಾನು. ಮಗುವಿಗೆ ಕಲಿಸಿದ್ದು ಇದು.

ಇವರನ್ನು ಕರೆದು ತೋರಿಸಿದೆ. “ಪೂಜೆ ಮಾರನೇ ದಿನವೇ ಬಿಚ್ಚಿಸ್ಬೇಕಿತ್ತು. ಐದಕ್ಕೆ ಬೀಗ ಹಾಕಿ ಬರ್ತೀನಿ, ಹತ್ತೋದು ನೋಡೇ ಇಲ್ಲ ಕಣೇ. ನಾಳೆ ಬಿಚ್ಚಿಸ್ತೀನಿ.”

ಮೂರನೇ ಸ್ವಿಚ್ಚಿಗೆ ಬ್ಯಾಂಡೇಜ್ ಅಂಟಿಸಿದೆ.

ಅಕ್ಟೋಬರ್ 14, ಸಂಜೆ 6.45. ರಸ್ತೆ ಬದಿ, ಹುಣಸೆಮರ

ಡೈಪರ್ ಚೀಲದಲ್ಲಿ ಈ ಪುಸ್ತಕ ಇತ್ತು.

ವೈರಿನವನು ಬರಲಿಲ್ಲ. ನಾಲ್ಕಕ್ಕೇ ಕರೆಂಟ್ ಹೋಗಿತ್ತು. ಆರಕ್ಕೆ ದ್ಯಾವಯ್ಯ ಓಡಿ ಬಂದ. “ಅಕ್ಕೋರೇ, ನಿಮ್ ಮೂಗೇ ಸರಿ! ಒಂದ್ ಸಿಲಿಂಡರ್ ಸೋರ್ತಾ ಅದೆ. ಗೋಡೌನ್ ಮೇನ್ ಆರ್ಸಿವಿ. ಮಗ ಎತ್ಕೊಂಡು ದೂರ ಓಗಿ!”

ಎತ್ಕೊಂಡೆ. ಬಾಗಿಲಲ್ಲಿ ತಿರುಗಿ ನೋಡಿದೆ. ಬ್ಯಾಂಡೇಜ್ ಯಾರೋ ಕಿತ್ತಿದ್ದಾರೆ. ಮೂರೂ ಸ್ವಿಚ್ಚು ಕೆಳಗೆ, ಆನ್.

“ಕರೆಂಟ್ ಬಂದೇಟ್ಗೆ ಅತ್ಕೊಳ್ಳಲಿ ಅಂತ ನಾನೇ ಆಕ್ದೆ,” ಅತ್ತೆ ಅಂದರು. “ಲಕ್ಷ್ಮಿ ಬರೋ ಒತ್ತು ಕಣವ್ವ...”

ಕರೆಂಟ್ ಬಂದರೆ ಆ ಜಾಯಿಂಟಲ್ಲಿ ಕಿಡಿ. ಇವರು ಬೀಗ ಹಾಕದೆ ಇನ್ನೂ ಗೋಡೌನ್ ಒಳಗೆ. ನೀರಲ್ಲಿ ನಡೆದ ಹಾಗೆ ನಡೆದೆ, ಗೋಡೆ ದೂರ ದೂರ ಹೋಯ್ತು... ಸ್ವಿಚ್ಚು ಆರಿಸಿದರೆ ಅತ್ತೆ ಮತ್ತೆ ಹಾಕಿಯಾರು; ಮೀಟರ್ ಬೋರ್ಡಿನ ಫ್ಯೂಸ್ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡು ಹೊರಬಂದೆ. ಅತ್ತೆ ಹಿಂದೆಯೇ ಬಂದರು.

ಆರೂವರೆಗೆ ಕೊಣನೂರು ರಸ್ತೆ ಉದ್ದಕ್ಕೂ ದೀಪ ಹತ್ತಿದವು, ಯಾರೋ ಮಾಲೆ ಎಳೆದ ಹಾಗೆ. ನಮ್ಮ ಮನೆ, ಗೋಡೌನ್ — ಎರಡೇ ಕತ್ತಲೆ. ಇಷ್ಟು ಚೆಂದದ ಕತ್ತಲೆ ನಾನು ನೋಡಿರಲಿಲ್ಲ.

“ಅಂಗೇ ಇರ್ಲಿ ಕಣವ್ವ,” ಅತ್ತೆ ಮೆಲ್ಲಗೆ. “ಇವತ್ತು ಕತ್ಲೇಲೇ ಬತ್ತಾಳೆ.”

ಫ್ಯೂಸ್ ಇನ್ನೂ ಮುಷ್ಟಿಯಲ್ಲಿದೆ. ಬಯಲಲ್ಲಿ ಇಬ್ಬರು, ಸಿಲಿಂಡರ್ ದೂರ ಇಟ್ಟು ಹಿಂದೆ ಸರೀತಿದ್ದಾರೆ. ಒಬ್ಬರು ಈ ಕಡೆ ತಿರುಗಿದರು. ಕೈ ಎತ್ತಿದರು. ಇವರೇ, ಆ ನಡಿಗೆ ಇವರದೇ. ಪುಟ್ಟಿ ಬೆರಳು ಗಾಳಿಯಲ್ಲಿ ಸ್ವಿಚ್ಚು ಹುಡುಕಿತು, ಸಿಗಲಿಲ್ಲ. ಆ ಕತ್ತಲೆಗೇ ಎರಡೂ ಕೈ ಜೋಡಿಸಿದಳು.