ಎಡ ಹಿಮ್ಮಡಿ

ಮಾರ್ಚ್ ೪, ಸೋಮವಾರ

ಇವತ್ತೂ ಕೆಸರು. ಬೆಳಿಗ್ಗೆಯಿಂದ ಟಬ್ಬಿನಲ್ಲಿ ನಿಂತು ತುಳಿದದ್ದೇ ತುಳಿದದ್ದು. ಜೇಡಿಮಣ್ಣು, ನೆನೆಸಿದ ನ್ಯೂಸ್‌ಪೇಪರ್, ಒಂದು ಹಳೇ ಟವೆಲ್. ಬೂಟು ಕೀಳುವಾಗ ಮಣ್ಣು ಕಾಲನ್ನು ಹಿಡಿದೆಳೆಯಬೇಕು — ಆ ಸದ್ದು ಬೇಕು. ನನಗೆ ಸಂಬಳ ಕೊಡುವುದೇ ಅದಕ್ಕೆ. ಪರದೆಯ ಮೇಲೆ ಯಾರು ನಡೆದರೂ ಹೆಜ್ಜೆಯ ಸದ್ದು ನನ್ನ ಕಾಲಿನದು. ನಾಯಕನೂ ನಾನೇ, ನಾಯಕಿಯ ಹೈ ಹೀಲ್ಸೂ ನಾನೇ.

ಈ ಸಲ ಬಂದಿರುವುದು ಮೂಕಿ ಕಾಲದ ಪಿಕ್ಚರ್. ಯುದ್ಧದ್ದು, ಅಂದರೆ ಯುದ್ಧ ಬೇಡ ಅನ್ನುವಂಥದ್ದು. ಯಾವುದೋ ಗೋಡೌನಿನಲ್ಲಿ ಸಿಕ್ಕ ರೀಲುಗಳನ್ನು ರಿಪೇರಿ ಮಾಡಿ, ಸದ್ದು ಹಾಕಿ ಅಂತ ನಮ್ಮ ಸ್ಟುಡಿಯೋಗೆ ಕೊಟ್ಟಿದ್ದಾರೆ. ಮುಕ್ಕಾಲು ಪಾಲು ಕಥೆ ಒಂದೇ ಕಂದಕದೊಳಗೆ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ತಡೆದಳು. "ಆ ಕಾಲಲ್ಲಿ ಒಳಗೆ ಬಂದ್ರೆ ನೋಡಿ ಮತ್ತೆ!" ಮಗಳು ನಕ್ಕಳು. ನಗುತ್ತಲೇ ಹೇಳಿಬಿಟ್ಟಳು — ಸೈನ್ಯಕ್ಕೆ ಸೆಲೆಕ್ಟ್ ಆಗಿದ್ದಾಳಂತೆ. ಮುಂದಿನ ತಿಂಗಳಿಂದ ಟ್ರೈನಿಂಗ್.

ಗಡಿಯಲ್ಲಿ ಯುದ್ಧ ಶುರುವಾಗಿ ವರ್ಷ ದಾಟಿದೆ. ಇವಳು ಅರ್ಜಿ ಹಾಕಿದ್ದೇ ನಮಗೆ ಗೊತ್ತಿಲ್ಲ.

ಮಾರ್ಚ್ ೬

ಪಿಕ್ಚರ್ ಮಾಡಿದವನು ಎಂಥ ಘಾಟಿ. ಶತ್ರುವನ್ನು ತೋರಿಸುವುದೇ ಇಲ್ಲ. ಬರೀ ಕಾಯುವುದು. ಹೇನು ಹೆಕ್ಕುವುದು, ನೆಂದ ಸಾಕ್ಸ್ ಹಿಂಡುವುದು, ಬ್ರೆಡ್ಡಿಗೆ ಬಂದ ಇಲಿಯನ್ನು ಓಡಿಸುವುದು. (ಇಲಿಗೆ — ಗ್ಲೌಸಿನ ಬೆರಳುಗಳಿಗೆ ಪೇಪರ್ ಕ್ಲಿಪ್ ಸಿಕ್ಕಿಸಿ ಹಲಗೆಯ ಮೇಲೆ ಓಡಿಸಿದೆ. ಮಿಕ್ಸರ್ ಬೆಚ್ಚಿಬಿದ್ದ. ಸದ್ದುಗಳನ್ನು ಬೆರೆಸಿ ಕೂರಿಸುವವನು ಅವನು, ಅದಕ್ಕೇ ಆ ಹೆಸರು.)

ಆಮೇಲೆ ಅಧಿಕಾರಿ ಬರುತ್ತಾನೆ. ಅಷ್ಟು ಕೆಸರಲ್ಲೂ ಅವನ ಬೂಟು ಫಳಫಳ. ವಾಚು ನೋಡುತ್ತಾನೆ, ವಿಷಲ್ ಬಾಯಿಗಿಡುತ್ತಾನೆ. ಕಂದಕದಿಂದ ಮೇಲೆ ಹತ್ತಲು ಏಣಿ ಹಿಡಿದ ಹುಡುಗನೊಬ್ಬನ ಕೈ, ತೀರಾ ಹತ್ತಿರದಿಂದ.

ಸಂಜೆ ಹೆಂಡತಿ, "ನೀವೇ ಹೇಳಿ, ನಿಮ್ಮ ಮಾತು ಕೇಳ್ತಾಳೆ" ಅಂದಳು.

"ಹುಟ್ಟಿದಾಗಿಂದ ಕೇಳಿದ್ದಾಳಾ?"

ಆದರೂ ಹೇಳಿ ನೋಡಿದೆ. ಮಗಳದು ಒಂದೇ ಪ್ರಶ್ನೆ: "ನಾನು ಹೋಗ್ದಿದ್ರೆ ನನ್ನ ಜಾಗಕ್ಕೆ ಇನ್ಯಾರದೋ ಮಗಳು ಹೋಗ್ಬೇಕಲ್ವಾ ಅಪ್ಪಾ?" ಯಾರ ಮಗಳಾದರೂ ಹೋಗಲಿ ಅನ್ನುವುದೇ ನನ್ನ ಮನಸ್ಸಲ್ಲಿದ್ದದ್ದು. ಬಾಯಿಬಿಟ್ಟು ಹೇಳುವ ಮಾತಲ್ಲ.

ಮಾತು ಬೇಡ. ಪಿಕ್ಚರ್ ತೋರಿಸುತ್ತೇನೆ. ಏಣಿಯ ರೀಲು ಮುಗಿಯಲಿ, ಒಂದು ಸಲ ನೋಡಿದರೆ ಸಾಕು.

ಮಾರ್ಚ್ ೧೫

ಮುಗಿಯಿತು. ಸ್ವಂತ ಹೊಗಳಿಕೆ ಅನ್ನಿಸಿದರೆ ಅನ್ನಿಸಲಿ — ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ. ಗುಂಡು, ಶೆಲ್ಲು, ವಿಷಲ್, ಏಣಿ ಕಿರುಗುಟ್ಟುವುದು, ನೂರು ಜೊತೆ ಬೂಟು. ಮಗಳನ್ನು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಪರದೆ ನೋಡಲಿಲ್ಲ ನಾನು, ಅವಳ ಮುಖವನ್ನೇ ನೋಡುತ್ತಿದ್ದೆ. ಕಣ್ಣರಳಿಸಿ ಸೀಟಿನ ತುದಿಗೆ ಬಂದಳು. ಸದ್ಯ, ನಾಟಿತು ಅಂದುಕೊಂಡೆ.

ದೀಪ ಹತ್ತಿತು. "ಅಪ್ಪಾ! ಮೈ ಜುಮ್ ಅಂತು! ಇನ್ನೊಂದ್ಸಲ ಹಾಕ್ಸು!"

ಮಿಕ್ಸರ್ ಬೆನ್ನು ತಟ್ಟಿದ. "ಗೆದ್ದುಬಿಟ್ರಲ್ಲ ಗುರುಗಳೇ."

ಗೆದ್ದೆನಂತೆ! ಟಬ್ಬಿನ ಕೆಸರೆಲ್ಲ ಅವನ ತಲೆಗೆ ಸುರಿಯೋಣ ಅನ್ನಿಸಿತು. ಹೆದರಿಸಲು ಕರೆದುಕೊಂಡು ಹೋದವನು ಹುರಿದುಂಬಿಸಿ ಕರೆತಂದೆ. ಆ ಮೂಕ ಪಿಕ್ಚರು ನೆಟ್ಟಗೇ ಇತ್ತು. ಅದಕ್ಕೆ ನಗಾರಿ ಕಟ್ಟಿದ್ದು ನಾನು.

ಮಾರ್ಚ್ ೨೧

ಐದು ದಿನ ರಜೆ ಹಾಕಿದ್ದೆ. ಜ್ವರ ಅಂದೆ. ಜ್ವರವಿರಲಿಲ್ಲ.

ಇವತ್ತು ಹೋಗಿ ಒಬ್ಬನೇ ಕೂತೆ. ಕಣ್ಣು ಮುಚ್ಚಿ, ಒಂದೊಂದೇ ಟ್ರ್ಯಾಕ್ ಕೇಳಿದೆ. ಗುಂಡು ತೆಗೆದೆ. ಕೂಗು ತೆಗೆದೆ. ಆ ಏಣಿಯ ಹುಡುಗನ ನಡಿಗೆ ಉಳಿಯಿತು. ಬಲಗಾಲು ಪಚಕ್ಕನೆ ಏಳುತ್ತದೆ. ಎಡಗಾಲು — ಹಿಮ್ಮಡಿ ಒಂಚೂರು ಎಳೆದು, ಆಮೇಲೆ ಏಳುತ್ತದೆ.

ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ.

ಐದನೇ ವಯಸ್ಸಲ್ಲಿ ಕಾಂಪೌಂಡಿನಿಂದ ಹಾರಿ ಕಾಲು ಮುರಿದುಕೊಂಡಿದ್ದಳು ಮಗಳು. ಮೂಳೆ ಕೂಡಿತು, ಎಡ ಹಿಮ್ಮಡಿ ಮಾತ್ರ ಸ್ವಲ್ಪ ಎಳೆಯುತ್ತದೆ. ಸೈನ್ಯದ ಡಾಕ್ಟರ ಕಣ್ಣಿಗೇ ಬಿದ್ದಿಲ್ಲ. ಬೀದಿ ತುಂಬ ಜನರಿದ್ದರೂ ನನಗೆ ಅವಳು ಬರುವುದು ಆ ಸದ್ದಿನಲ್ಲೇ ಗೊತ್ತಾಗುವುದು. ಅದನ್ನೇ ಆ ಹುಡುಗನ ಕಾಲಿಗೆ ಕೊಟ್ಟುಬಿಟ್ಟಿದ್ದೇನೆ. ಬೇಕಂತ ಅಲ್ಲ, ಆಣೆಗೂ ಅಲ್ಲ. ಮನಸ್ಸೆಲ್ಲ ಅವಳಲ್ಲೇ ಇತ್ತು, ಕಾಲು ಹಾಗೇ ನಡೆಯಿತು.

ಪಿಕ್ಚರಿನಲ್ಲಿ ಆ ಹುಡುಗ ಶತ್ರುವಿನ ಮುಳ್ಳುತಂತಿ ಮುಟ್ಟುವ ಮೊದಲೇ ಸತ್ತು ಬೀಳುತ್ತಾನೆ.

ಮಾರ್ಚ್ ೨೫

ಆ ರೀಲಿನ ಸದ್ದೆಲ್ಲ ಕಿತ್ತುಹಾಕಿದೆವು, ನಾನೂ ಮಿಕ್ಸರೂ. ಆ ಹುಡುಗನ ಒಂದೇ ಒಂದು ನಡಿಗೆ ಉಳಿಸಿದೆವು. ಸ್ಟುಡಿಯೋ ಯಜಮಾನ ಕೂಗಾಡಿದ. "ಸ್ಪೀಕರ್ ಕೆಟ್ಟಿದೆ ಅಂತ ಜನ ಎದ್ದು ಹೋಗ್ತಾರೆ ಕಣ್ರೀ! ತಲೆ ನೆಟ್ಟಗಿದ್ಯಾ?"

"ಇಲ್ಲ ಸಾರ್. ಒಂದ್ಸಲ ನೋಡಿ, ಆಮೇಲೆ ಬೈಯಿರಿ."

ಮಗಳನ್ನೂ ಕರೆದಿದ್ದೆ. ಹಿಂದಿನ ಸಾಲಿನಲ್ಲಿ ಕೂತಳು.

ವಿಷಲ್ ಬಾಯಿಗಿಟ್ಟ. ಸದ್ದಿಲ್ಲ. ನೂರು ಜನ ಬಾಯಿ ತೆರೆದು ಏಣಿ ಹತ್ತಿದರು. ಸದ್ದಿಲ್ಲ. ಎಡಬಲದಲ್ಲಿ ಮಣ್ಣು ಎದ್ದು ಬೀಳುತ್ತಿದೆ, ಜನ ಬೀಳುತ್ತಿದ್ದಾರೆ... ಕೇಳುವುದು ಒಂದೇ. ಬಲ. ಎಳೆದು, ಎಡ. ಬಲ. ಎಳೆದು, ಎಡ. ಬಲ.

ನಿಂತಿತು.

ದೀಪ ಹತ್ತಿತು, ಯಜಮಾನ ಎದ್ದ. "ಇರ್ಲಿ ಬಿಡಿ, ಹೀಗೇ ಇರ್ಲಿ" ಅಂದು ಮುಖ ತೋರಿಸದೆ ಹೋದ.

ಮಗಳು ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದಳು. "ಅದು ನನ್ನ ಕಾಲು."

"ಹೂಂ."

"ನನ್ನನ್ನ ಸಾಯಿಸ್ಬಿಟ್ಯಾ ಅಪ್ಪಾ?"

ನನ್ನ ಅಂಗಿಯಲ್ಲಿ ಮುಖವಿಟ್ಟು ಅತ್ತಳು. ನನಗೂ ತಡೆಯಲಿಲ್ಲ. ನಮ್ಮ ಸ್ಟಾಪಿನಲ್ಲಿ ಬಸ್ಸಿಳಿದ ಮೇಲೆ ಹೇಳಿದಳು: "ಹೆದರಿಕೆ ಆಗ್ತಿದೆ. ಮೊದ್ಲು ಆಗಿರ್ಲಿಲ್ಲ. ಆದ್ರೂ ಹೋಗ್ತೀನಿ."

ಅವಳ ಹೆದರಿಕೆಯೊಂದೇ ನಾನು ಮಾಡಿಕೊಟ್ಟದ್ದು. ಈಗ ಅದನ್ನೂ ಹೊತ್ತುಕೊಂಡು ಹೋಗುತ್ತಾಳೆ.

ಏಪ್ರಿಲ್ ೨

ಹೋದಳು. ಹೆಂಡತಿ ರೈಲು ಮರೆಯಾಗುವವರೆಗೆ ಕೈಬೀಸಿದಳು. ಆಮೇಲೆ ನನ್ನ ಮೇಲೆ ರೇಗಿದಳು, ಅಂಗಿಯ ಗುಂಡಿ ತಪ್ಪಿ ಹಾಕಿದ್ದೇನೆ ಅಂತ.

ಜುಲೈ ೧೯

ಪಿಕ್ಚರ್ ತೆರೆಕಂಡಿತು. ಹೌಸ್‌ಫುಲ್. ಆ ರೀಲು ಬಂದಾಗ ಮೊದಲು ಯಾರೋ ಸಿಳ್ಳೆ ಹಾಕಿದ, ಇನ್ಯಾರೋ "ಸೌಂಡ್!" ಅಂತ ಕೂಗಿದ. ಆಮೇಲೆ ಒಬ್ಬರೂ ಕೆಮ್ಮಲಿಲ್ಲ. ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದಳು. ಅದು ಯಾರ ನಡಿಗೆ ಅಂತ ಅವಳಿಗೂ ಗೊತ್ತಾಗಿದೆ.

ಆಗಸ್ಟ್ ೩೦, ಸಂಜೆ

ಟ್ರೈನಿಂಗ್ ಮುಗಿಸಿ ಬಂದಿದ್ದಾಳೆ. ಒಂದೇ ದಿನ. ನಾಳೆ ಗಡಿಗೆ.

ಸ್ಟೇಷನ್ನಿಗೆ ಹೋಗಿದ್ದೆ. ಹುಡುಗರು, ಹುಡುಗಿಯರು, ಎಲ್ಲ ಒಂದೇ ಬಟ್ಟೆ, ಒಂದೇ ಬೂಟು. ಗೊತ್ತೇ ಗೊತ್ತಾಗುತ್ತದೆ ಅಂದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕಣ್ಣು ಮುಚ್ಚಿ ನಿಂತೆ. ಎಡ, ಬಲ, ಎಡ, ಬಲ. ಎಲ್ಲ ಒಂದೇ ಸಮ. ಹುಡುಕುತ್ತಲೇ ಇದ್ದೆ. "ಅಪ್ಪಾ, ಇಲ್ಲೇ ಇದೀನಲ್ಲ" — ಎದುರಿಗೇ ನಿಂತಿದ್ದಳು. ಕಿವಿಯ ಪಕ್ಕದಲ್ಲೇ ಬಂದು ನಿಂತರೂ ಕೇಳಿಸಲಿಲ್ಲ ನನಗೆ!

"ಹಿಮ್ಮಡಿ?" ಅಂದೆ.

"ಅದನ್ನ ಮೊದಲನೇ ತಿಂಗಳೇ ಬಿಡಿಸಿದ್ರು. ಪರೇಡ್‌ನಲ್ಲಿ ಸಾಲು ಕೆಡುತ್ತಂತೆ." ನಕ್ಕಳು. ನಾನೂ ನಕ್ಕೆ.

ಈಗ ಮೇಲಿನ ಕೋಣೆಯಲ್ಲಿದ್ದಾಳೆ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು, ಸ್ವಲ್ಪ ನಿಲ್ಲಿಸು ಅಂದೆ. ತಲೆಯ ಮೇಲೆ ಬೂಟಿನ ನಡಿಗೆ, ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ. ಅಳೆದಿಟ್ಟ ಹಾಗೆ. ಯಾರದೋ.

ಮಂಚ ಕಿರುಗುಟ್ಟಿತು. ಬೂಟು ಬಿಚ್ಚುತ್ತಿದ್ದಾಳೆ. ಒಂದು ಬಿತ್ತು. ಇನ್ನೊಂದೂ ಬಿತ್ತು.

ಎದ್ದಳು. ಬರಿಗಾಲು.

ಬಲ. ಈಗ ಎಡ —